ಉಸಿರನ್ನು ಅಳೆದ ಯೋಗಿ: ಸ್ವಾಮಿ ಕುವಲಯಾನಂದರ ಜೀವನ

ಬೇಸಗೆ ಕಾಲಿಟ್ಟಿತೆಂದರೆ ನಮ್ಮ ಹೋಟೆಲುಗಳ ಹುಡುಗರಿಗೂ ಕಚೇರಿಗಳ ತರುಣ ಗುಮಾಸ್ತರಿಗೂ ನೀರಿನ ನೆನಪಾಗುವುದು ಸಹಜವೇ ಸರಿ. ಸೌಪರ್ಣಿಕಾ, ಸ್ವರ್ಣಾ, ಸೀತಾನದಿಗಳ ದಡದಲ್ಲಿ ಹುಟ್ಟಿ, ಅಕ್ಷರ ಕಲಿಯುವುದಕ್ಕೆ ಮುನ್ನವೇ ಈಜು ಕಲಿತವರು ಅವರಲ್ಲಿ ಅನೇಕರಿದ್ದಾರೆ. ವಾರವೆಲ್ಲ ಒಲೆಯ ಉರಿಯಲ್ಲಿ ಬೆಂದ ದೇಹವು ರಜೆಯ ದಿನ ತಣ್ಣೀರನ್ನು ಬಯಸಿದರೆ ಅದನ್ನು ಯಾರೂ ತಪ್ಪೆನ್ನಲಾರರು. ದೌಂಡದಲ್ಲಿರುವ ನಮಗೆ ಭೀಮಾನದಿಯು ಊರ ಬಾಗಿಲಿನಲ್ಲಿಯೇ ಹರಿಯುತ್ತಿದೆ. ಪುಣೆಗೆ ಹೋಗಬಲ್ಲವರಿಗೆ ಕಟ್ಟಿದ ಈಜುಕೊಳಗಳೂ ದೊರೆಯುತ್ತವೆ.

ಆದರೆ ಬರಿದೆ ಈಜುವುದರಿಂದ ತೃಪ್ತರಾಗದೆ, ನೀರಿನೊಳಗೆ ಮುಳುಗಿ ಒಂದೇ ಉಸಿರಿನಲ್ಲಿ ಯಾರು ಹೆಚ್ಚು ದೂರ ಸಾಗಬಲ್ಲರೆಂದು ಪಂಥ ಕಟ್ಟುವ ಚಾಳಿಯು ತರುಣರಲ್ಲಿ ಎಲ್ಲ ಕಾಲಕ್ಕೂ ಇದೆ. ಪಂಥದ ಪಣವು ಒಂದು ಮಸಾಲೆದೋಸೆಯೇ ಇರಬಹುದು. ಒತ್ತೆಯಿಟ್ಟ ವಸ್ತುವು ಮಾತ್ರ ಪ್ರಾಣವಾಗಿರುತ್ತದೆ. ಪ್ರತಿ ಬೇಸಗೆಯಲ್ಲಿಯೂ ನೀರುಪಾಲಾದ ತರುಣರ ಸುದ್ದಿಯು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅವರಲ್ಲಿ ಈಜು ಬಾರದವರು ಮಾತ್ರವೇ ಇರುವುದಿಲ್ಲ, ಚೆನ್ನಾಗಿ ಈಜಬಲ್ಲವರೂ ಇರುತ್ತಾರೆಂಬುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ಉಸಿರು ಬಿಗಿಹಿಡಿದು ನೀರಿನಲ್ಲಿರುವ ಕಥೆ ನಮ್ಮವರಿಗೆ ಹೊಸತಲ್ಲ. ಕೌರವೇಶ್ವರನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದುದನ್ನು ಕವಿ ರನ್ನನು ಗದಾಯುದ್ಧದಲ್ಲಿ ಬಣ್ಣಿಸಿದ್ದಾನೆ. ಬಯಲಾಟದ ರಂಗಸ್ಥಳದಲ್ಲಿ ಅದನ್ನು ಕಣ್ಣಾರೆ ಕಾಣದ ಕರಾವಳಿಯವರು ವಿರಳ. ಉಸಿರನ್ನು ಗೆದ್ದವನಿಗೆ ಅಸಾಧ್ಯವಾದುದಿಲ್ಲವೆಂಬ ನಂಬಿಕೆಯು ಇಂತಹ ಕಥೆಗಳೊಡನೆ ನಮ್ಮಲ್ಲಿ ಬೇರೂರಿದೆ. ಆ ನಂಬಿಕೆಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳದೆ, ಹಾಗೆಂದು ನಕ್ಕು ತಳ್ಳಿಹಾಕದೆ, ತಕ್ಕಡಿಯಲ್ಲಿಟ್ಟು ತೂಗಿ ನೋಡಿದ ಮಹನೀಯರೊಬ್ಬರು ನಮ್ಮ ಪುಣೆ ಜಿಲ್ಲೆಯಲ್ಲಿಯೇ ಬಾಳಿದ್ದರು. ಲೋಣಾವಳಾದ ಕೈವಲ್ಯಧಾಮದ ಸ್ಥಾಪಕರಾದ ಸ್ವಾಮಿ ಕುವಲಯಾನಂದರೇ ಅವರು. ಮುಂಬಯಿಯಿಂದ ದೌಂಡ, ಸೊಲ್ಲಾಪುರ, ಕಲಬುರಗಿಗಳ ಮಾರ್ಗವಾಗಿ ರೈಲಿನಲ್ಲಿ ಊರಿಗೆ ಹೋಗಿಬರುವ ವಾಚಕರೆಲ್ಲರೂ ಘಟ್ಟ ಹತ್ತಿದೊಡನೆ ಸಿಗುವ ಆ ನಿಲ್ದಾಣವನ್ನು ಬಲ್ಲರು. ಅಲ್ಲಿಯ ಬೆಟ್ಟಗಳಲ್ಲಿ ಹುಟ್ಟುವ ಇಂದ್ರಾಯಣಿಯ ನೀರೇ ದೇಹು, ಆಳಂದಿಗಳನ್ನು ದಾಟಿ, ಭೀಮೆಯನ್ನು ಕೂಡಿ, ನಮ್ಮ ದೌಂಡದ ದಡಕ್ಕೆ ಬರುತ್ತದೆ. ಸ್ವಾಮಿಗಳು ಪ್ರಸಿದ್ಧರಾದುದು ಈಜಿನಿಂದಲ್ಲ. ಆದರೂ ನೀರಿಗಿಳಿಯುವ ತರುಣರು ತಿಳಿದಿರಬೇಕಾದ ಒಂದು ಮುಖ್ಯ ಪಾಠವು ಅವರ ಜೀವನದಲ್ಲಿದೆಯಾದ್ದರಿಂದ ಅದನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಸ್ವಾಮಿಗಳ ಪೂರ್ವದ ಹೆಸರು ಜಗನ್ನಾಥ ಗಣೇಶ ಗುಣೆ. 1883ನೆಯ ಇಸವಿ ಆಗಸ್ಟ್ 30ರಂದು ಗುಜರಾತಿನ ಡಭೋಯಿ ಎಂಬ ಊರಿನಲ್ಲಿ ಅವರು ಜನಿಸಿದರು. ಮನೆತನವು ಮಹಾರಾಷ್ಟ್ರದ್ದು, ಮನೆಯಲ್ಲಿದ್ದುದು ವಿದ್ಯೆ ಮತ್ತು ಬಡತನ ಎರಡೇ. ಪರಸ್ಥಳದಲ್ಲಿ ದುಡಿದು ಓದುವ ಹುಡುಗರ ಕಷ್ಟವನ್ನು ಬಲ್ಲ ನಮ್ಮ ವಾಚಕರಿಗೆ ಆ ಬಾಲಕನ ಪಾಡನ್ನು ವಿವರಿಸಬೇಕಾದುದಿಲ್ಲ. 1903ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಸಂಸ್ಕೃತಕ್ಕಾಗಿ ಮೀಸಲಾದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವು ಅವರಿಗೆ ದೊರೆಯಿತು. ಆ ಗೌರವದ ಬಲದಿಂದಲೇ ಅವರು ಬಡೋದೆಯ ಕಾಲೇಜನ್ನು ಸೇರಿ 1910ರಲ್ಲಿ ಪದವೀಧರರಾದರು.

ಬಡೋದೆಯಲ್ಲಿ ಅವರಿಗೆ ಎರಡು ಬಗೆಯ ಶಿಕ್ಷಣ ದೊರೆಯಿತು. ಒಂದು ಕಾಲೇಜಿನದು. ಇನ್ನೊಂದು ಜುಮ್ಮಾದಾದಾ ವ್ಯಾಯಾಮಶಾಲೆಯದು. ರಾಜರತ್ನ ಮಾಣಿಕರಾವ್ ಅವರು ನಡೆಸುತ್ತಿದ್ದ ಆ ಗರಡಿಯಲ್ಲಿ 1907ರಿಂದ 1910ರವರೆಗೆ ಗುಣೆಯವರು ದೇಶೀಯ ವ್ಯಾಯಾಮಪದ್ಧತಿಯನ್ನು ಕ್ರಮವಾಗಿ ಅಭ್ಯಾಸಮಾಡಿದರು. ಅರವಿಂದರ ಮತ್ತು ಲೋಕಮಾನ್ಯ ತಿಲಕರ ವಿಚಾರಗಳು ಆಗಿನ ತರುಣರ ಮನಸ್ಸನ್ನು ಕಲಕುತ್ತಿದ್ದ ಕಾಲವದು. ಗುಣೆಯವರೂ ದೇಶಸೇವೆಗೆ ಜೀವನವನ್ನು ಮುಡಿಪಾಗಿಟ್ಟು, ಆಜೀವ ಬ್ರಹ್ಮಚರ್ಯದ ವ್ರತವನ್ನು ಕೈಗೊಂಡರು. 1916ರಲ್ಲಿ ಅವರು ಖಾನದೇಶದ ಅಮಳನೇರಿಗೆ ಹೋಗಿ, ಅಲ್ಲಿಯ ರಾಷ್ಟ್ರೀಯ ಕಾಲೇಜಿನ ಪ್ರಾಚಾರ್ಯರಾದರು. ದೇಶಾಭಿಮಾನದ ವಾತಾವರಣವಿದ್ದ ಆ ಸಂಸ್ಥೆಯು ಬ್ರಿಟಿಷ್ ಸರಕಾರದ ಕೆಂಗಣ್ಣಿಗೆ ಗುರಿಯಾಗಿ ಮುಚ್ಚಬೇಕಾಯಿತು.

1919ರಲ್ಲಿ ಅವರ ಜೀವನಕ್ಕೆ ಹೊಸ ತಿರುವು ಬಂದಿತು. ನರ್ಮದಾ ತೀರದ ಮಾಲಸರ ಎಂಬಲ್ಲಿ ನೆಲಸಿದ್ದ ಬಂಗಾಲಿ ಯೋಗಿ ಪರಮಹಂಸ ಮಾಧವದಾಸರ ದರ್ಶನವು ಅವರಿಗಾಯಿತು. ಗರಡಿಯಲ್ಲಿ ಸ್ನಾಯುಗಳ ಬಲವನ್ನು ಕಂಡಿದ್ದ ಗುಣೆಯವರು ಗುರುಗಳ ಬಳಿ ಉಸಿರಿನ ಬಲವನ್ನು ಕಂಡರು. ಆಸನ, ಬಂಧ, ಮುದ್ರೆ, ಪ್ರಾಣಾಯಾಮಗಳನ್ನು ಶ್ರದ್ಧೆಯಿಂದ ಕಲಿತರು. ಆದರೆ ಶ್ರದ್ಧೆಯುಳ್ಳ ಎಲ್ಲ ಶಿಷ್ಯರಿಗೂ ಹುಟ್ಟದ ಪ್ರಶ್ನೆಯೊಂದು ಅವರಿಗೆ ಹುಟ್ಟಿತು. ಈ ಕ್ರಿಯೆಗಳಿಂದ ದೇಹದ ಒಳಗೆ ನಿಜವಾಗಿ ಏನಾಗುತ್ತದೆ? ಗ್ರಂಥಗಳಲ್ಲಿ ಹೇಳಿದುದು ಪರೀಕ್ಷೆಗೆ ನಿಲ್ಲುವುದೋ ಇಲ್ಲವೋ?

ಈ ಪ್ರಶ್ನೆಯನ್ನು ಹಿಡಿದು ಅವರು 1920-21ರ ಸುಮಾರಿಗೆ ಬಡೋದೆಯ ಆಸ್ಪತ್ರೆಗೆ ಹೋದರು. ತಮ್ಮ ಕೆಲವು ವಿದ್ಯಾರ್ಥಿಗಳಿಂದ ಉಡ್ಡಿಯಾನ, ನೌಲಿ ಮೊದಲಾದ ಕ್ರಿಯೆಗಳನ್ನು ಮಾಡಿಸಿ, ಕ್ಷ-ಕಿರಣದ ಯಂತ್ರದ ಮುಂದೆ ನಿಲ್ಲಿಸಿ, ಒಳಗಿನ ಅಂಗಾಂಗಗಳ ಸ್ಥಿತಿಯನ್ನು ಪರೀಕ್ಷಿಸಿದರು. ಯೋಗಿಯು ನೀರಿನಲ್ಲಿ ಕುಳಿತು ನೌಲಿಯನ್ನು ಮಾಡಿದರೆ ಕರುಳಿನೊಳಗೆ ನೀರು ತಾನಾಗಿಯೇ ಏರುತ್ತದೆಂಬುದು ಹಿಂದಿನಿಂದಲೂ ತಿಳಿದಿತ್ತು. ಹೇಗೆ ಏರುತ್ತದೆಂಬುದು ತಿಳಿದಿರಲಿಲ್ಲ. ಪಾದರಸದ ಮಾಪಕವನ್ನಿಟ್ಟು ಅಳೆದಾಗ, ಹೊಟ್ಟೆಯ ಸ್ನಾಯುಗಳ ಚಲನೆಯಿಂದ ಒಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುವುದೆಂದು ಕಂಡುಬಂದಿತು. ಪಂಪು ಬಾವಿಯ ನೀರನ್ನು ಎಳೆಯುವ ರೀತಿಯೇ ಇಲ್ಲಿಯದೂ ಆಗಿದೆ. ಈ ನಿರ್ವಾತಕ್ಕೆ ಅವರು ತಮ್ಮ ಗುರುಗಳಾದ ಮಾಧವದಾಸರ ಹೆಸರನ್ನೇ ಇಟ್ಟರು. ಪವಾಡವೆನಿಸಿಕೊಂಡಿದ್ದುದು ಲೆಕ್ಕಕ್ಕೆ ಸಿಕ್ಕಿತು. ಗುರುವಿನ ಗೌರವಕ್ಕೆ ಕುಂದೂ ಬರಲಿಲ್ಲ.

1924ರ ಅಕ್ಟೋಬರಿನಲ್ಲಿ ಲೋಣಾವಳಾದಲ್ಲಿ ಕೈವಲ್ಯಧಾಮವು ಸ್ಥಾಪಿತವಾಯಿತು. ಅದೇ ವರ್ಷ ‘ಯೋಗ ಮೀಮಾಂಸಾ’ ಎಂಬ ಪತ್ರಿಕೆಯೂ ಹೊರಟಿತು. ಆಶ್ರಮದ ಜೊತೆಯಲ್ಲಿ ಪ್ರಯೋಗಶಾಲೆ, ಜಪಮಾಲೆಯ ಜೊತೆಯಲ್ಲಿ ಅಳತೆಯ ಗಾಜಿನ ಕೊಳವೆ ಇರುವ ಸಂಸ್ಥೆಯು ಆ ಕಾಲಕ್ಕೆ ಅಪೂರ್ವವಾಗಿತ್ತು. ಪ್ರಯೋಗದ ಫಲಿತಾಂಶಗಳನ್ನೂ ಸಾಮಾನ್ಯರಿಗೆ ಬೇಕಾದ ಅಭ್ಯಾಸಕ್ರಮವನ್ನೂ ಆ ಪತ್ರಿಕೆಯು ಒಟ್ಟಿಗೆ ಪ್ರಕಟಿಸುತ್ತ ಬಂದಿತು. ‘ಆಸನ’, ‘ಪ್ರಾಣಾಯಾಮ’ ಎಂಬ ಅವರ ಎರಡು ಗ್ರಂಥಗಳು ಅದರಿಂದಲೇ ಬೆಳೆದುಬಂದವು.

ಈಗ ಉಸಿರಿನ ವಿಷಯಕ್ಕೆ ಬರೋಣ. ಪ್ರಾಣಾಯಾಮದಿಂದ ದೇಹವು ಹೆಚ್ಚು ಆಮ್ಲಜನಕವನ್ನು ತುಂಬಿಕೊಳ್ಳುತ್ತದೆ, ಅದರಿಂದಲೇ ಯೋಗಿಯು ಬಹಳ ಹೊತ್ತು ಉಸಿರು ಹಿಡಿಯಬಲ್ಲನು ಎಂದು ಆಗ ಎಲ್ಲರೂ ಹೇಳುತ್ತಿದ್ದರು, ಈಗಲೂ ಹೇಳುವವರಿದ್ದಾರೆ. ಸ್ವಾಮಿಗಳು ಹೊರಬಿಟ್ಟ ಉಸಿರನ್ನು ಸಂಗ್ರಹಿಸಿ, ಅದರಲ್ಲಿಯ ಆಮ್ಲಜನಕವನ್ನೂ ಇಂಗಾಲಾಮ್ಲವಾಯುವನ್ನೂ ಅಳೆಯಿಸಿದರು. ಬಂದ ಉತ್ತರವು ಜನಪ್ರಿಯವಾಗುವಂತಹದಾಗಿರಲಿಲ್ಲ. ಪ್ರಾಣಾಯಾಮದ ಮೇಲ್ಮೆಯು ಹೆಚ್ಚು ಆಮ್ಲಜನಕವನ್ನು ತುಂಬುವುದರಲ್ಲಿಲ್ಲವೆಂಬ ನಿರ್ಣಯಕ್ಕೆ ಅವರು ಬಂದರು. ಯೋಗದ ಪ್ರಚಾರಕ್ಕಾಗಿಯೇ ಬದುಕಿದವರು ಯೋಗಕ್ಕೆ ಸಲ್ಲದ ಹೊಗಳಿಕೆಯನ್ನು ತಾವೇ ನಿರಾಕರಿಸಿದುದು ಸಾಮಾನ್ಯ ಸಂಗತಿಯಲ್ಲ. ತನ್ನ ಅಂಗಡಿಯ ಸರಕಿನಲ್ಲಿ ಇಲ್ಲದ ಗುಣವನ್ನು ಇಲ್ಲವೆಂದು ಹೇಳುವ ವ್ಯಾಪಾರಿಯು ಎಷ್ಟು ಅಪರೂಪವೆಂಬುದನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ನಾವು ಚೆನ್ನಾಗಿ ಬಲ್ಲೆವು.

ಇಂದಿನ ಶರೀರವಿಜ್ಞಾನವು ಈ ನಿರ್ಣಯದ ಕಾರಣವನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಆರೋಗ್ಯವಂತನ ರಕ್ತವು ಸಾಮಾನ್ಯ ಉಸಿರಾಟದಲ್ಲಿಯೇ ತಾನು ಹೊರಬಲ್ಲ ಆಮ್ಲಜನಕದಲ್ಲಿ ನೂರಕ್ಕೆ 97-98 ಪಾಲನ್ನು ಹೊತ್ತಿರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ಎಷ್ಟು ನೀರು ಸುರಿದರೇನು? ಹಾಗಾದರೆ ಉಸಿರು ಹಿಡಿದವನನ್ನು ಕಂಗೆಡಿಸಿ, ಉಸಿರಾಡೆಂದು ಒತ್ತಾಯಿಸುವುದು ಯಾವುದು? ಅದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಏರುತ್ತಿರುವ ಇಂಗಾಲಾಮ್ಲವಾಯು. ಇದನ್ನು ಆಕ್ಸ್‌ಫರ್ಡಿನ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು 1905ರಲ್ಲಿಯೇ ತೋರಿಸಿಕೊಟ್ಟಿದ್ದರು.

ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ದೇಹವೆಂಬ ಒಲೆಗೆ ಒಬ್ಬ ಕಾವಲುಗಾರನಿದ್ದಾನೆ. ಅವನು ಸೌದೆ ಎಷ್ಟು ಉಳಿದಿದೆಯೆಂಬುದನ್ನು ಅಷ್ಟಾಗಿ ನೋಡುವುದಿಲ್ಲ. ಒಲೆಯಲ್ಲಿ ಬೂದಿ ಎಷ್ಟು ಕೂಡಿದೆಯೆಂಬುದನ್ನೇ ನೋಡುತ್ತಾನೆ. ಬೂದಿ ಹೆಚ್ಚಿದೊಡನೆ ಕೂಗಿ ಎಚ್ಚರಿಸುತ್ತಾನೆ. ಆಮ್ಲಜನಕವು ಸೌದೆ, ಇಂಗಾಲಾಮ್ಲವಾಯುವು ಬೂದಿ. ಪಂಥ ಕಟ್ಟಿದ ತರುಣನು ನೀರಿಗೆ ಹಾರುವ ಮೊದಲು ಹತ್ತಿಪ್ಪತ್ತು ಸಲ ಬಿರುಸಾಗಿ ಉಸಿರೆಳೆದು ಬಿಡುತ್ತಾನೆ. ಇದರಿಂದ ತನ್ನಲ್ಲಿ ಸೌದೆ ಹೆಚ್ಚಿತೆಂದು ಅವನು ತಿಳಿಯುತ್ತಾನೆ. ನಿಜವಾಗಿ ಅವನು ಮಾಡಿದುದು ಬೂದಿಯನ್ನು ಬಳಿದು ಹೊರಹಾಕಿದುದು ಮಾತ್ರ. ನೀರಿನೊಳಗೆ ಅವನಿಗೆ ಕಷ್ಟವೇ ತೋರುವುದಿಲ್ಲ. ಎಂದಿಗಿಂತ ದೂರ ಸಾಗುತ್ತಾನೆ. ಕಾವಲುಗಾರನು ಕೂಗುವುದಕ್ಕೆ ಮೊದಲೇ ಸೌದೆ ತೀರಿಹೋಗುತ್ತದೆ. ಮೆದುಳಿಗೆ ಆಮ್ಲಜನಕವು ಸಾಲದೆ ಅವನು ಯಾವ ಮುನ್ಸೂಚನೆಯೂ ಇಲ್ಲದೆ ಮೂರ್ಛೆಹೋಗುತ್ತಾನೆ. ಎದೆಮಟ್ಟದ ನೀರೇ ಆದರೂ ಮೂರ್ಛೆಹೋದವನಿಗೆ ಅದು ಸಮುದ್ರವೇ ಸರಿ. ನುರಿತ ಈಜುಗಾರರು ಕೊಳಗಳಲ್ಲಿ ಹೀಗೆ ಪ್ರಜ್ಞೆ ತಪ್ಪಿದ ಸಂಗತಿಗಳನ್ನು ಕಲೆಹಾಕಿ, ಅಮೇರಿಕದ ಕ್ರೇಗ್ ಎಂಬ ಶರೀರವಿಜ್ಞಾನಿಯು 1961ರಲ್ಲಿ ಇದರ ಕಾರಣವನ್ನು ವಿವರಿಸಿದನು.

ಸ್ವಾಮಿಗಳು ಪ್ರಾಣಾಯಾಮವನ್ನು ಕಲಿಸುತ್ತಿದ್ದ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪೂರಕ, ಕುಂಭಕ, ರೇಚಕಗಳೆಂಬ ಮೂರು ಹಂತಗಳಲ್ಲಿ ಸಾಮಾನ್ಯರ ಕಣ್ಣು ಬೀಳುವುದು ಉಸಿರು ನಿಲ್ಲಿಸುವ ಕುಂಭಕದ ಮೇಲೆ. ಅದರ ಪರೀಕ್ಷೆಯಿರುವುದು ಅನಂತರದ ರೇಚಕದಲ್ಲಿ. ಉಸಿರನ್ನು ಹೊರಬಿಡುವಾಗ ಅದು ನಿಧಾನವಾಗಿ, ತಡೆಯಿಲ್ಲದೆ, ದಾರದ ಎಳೆಯಂತೆ ಹೊರಡಬೇಕು. ಮುಂದಿನ ಉಸಿರನ್ನು ಆತುರವಿಲ್ಲದೆ ಎಳೆಯಲು ಬರಬೇಕು. ಹಾಗೆ ಬಾರದಿದ್ದರೆ ಕುಂಭಕವು ಮಿತಿಮೀರಿತೆಂದೇ ಅರ್ಥ. ಕಾಡಾನೆಯನ್ನು ಪಳಗಿಸುವವನಂತೆ ಸಾಧಕನು ಮೆಲ್ಲಮೆಲ್ಲನೆ ಮುಂದುವರಿಯಬೇಕೆಂಬುದು ಹಠಯೋಗದ ಹಳೆಯ ಸಂಪ್ರದಾಯವೂ ಆಗಿದೆ. ಸ್ವಾಮಿಗಳು ಆ ಸಂಪ್ರದಾಯವನ್ನು ಬಿಡಲಿಲ್ಲ. ಅದಕ್ಕೆ ಪ್ರಯೋಗಶಾಲೆಯ ಸಾಕ್ಷಿಯನ್ನು ಜೋಡಿಸಿದರು.

ಅವರ ಕೀರ್ತಿಯು ಬೇಗನೆ ಹರಡಿತು. 1927ರಲ್ಲಿ ಗಾಂಧೀಜಿಯವರು ತಮ್ಮ ಆರೋಗ್ಯದ ವಿಷಯದಲ್ಲಿ ಅವರ ಸಲಹೆಯನ್ನು ಪಡೆದರು. ಅಮೇರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಕೋವೂರ್ ಬೆಹನಾನ್ ಎಂಬ ಮಲಯಾಳಿ ವಿದ್ವಾಂಸರು ಲೋಣಾವಳಾಕ್ಕೆ ಬಂದು ಸ್ವಾಮಿಗಳಲ್ಲಿ ಅಭ್ಯಾಸಮಾಡಿ, ತಾವು ಕಲಿತುದನ್ನು ಯೇಲಿನ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, 1937ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನಮ್ಮ ಮೈಸೂರಿನ ಸಂಬಂಧವನ್ನೂ ಇಲ್ಲಿ ನೆನೆಯಬೇಕು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದ, 1934ರಲ್ಲಿ ಕನ್ನಡದಲ್ಲಿಯೇ ‘ಯೋಗಮಕರಂದ’ವನ್ನು ಬರೆದ ತಿರುಮಲೈ ಕೃಷ್ಣಮಾಚಾರ್ಯರನ್ನು ಮಹಾರಾಜರು ಆ ದಶಕದಲ್ಲಿ ಲೋಣಾವಳಾಕ್ಕೆ ಕಳುಹಿಸಿ, ಅಲ್ಲಿ ನಡೆಯುತ್ತಿದ್ದ ಕಾರ್ಯವನ್ನು ನೋಡಿಬರುವಂತೆ ಮಾಡಿದ್ದರು.

ಸ್ವಾಮಿಗಳ ದೃಷ್ಟಿಯು ದೊಡ್ಡವರ ಮೇಲೆ ಮಾತ್ರವೇ ಇರಲಿಲ್ಲ. ಶಾಲೆಗಳ ಮಕ್ಕಳು ಒಟ್ಟಾಗಿ ಮಾಡಬಹುದಾದ ಯೋಗವ್ಯಾಯಾಮದ ಕ್ರಮವನ್ನು ಅವರು ರೂಪಿಸಿದರು. 1932ರಲ್ಲಿ ಮುಂಬಯಿಯ ಸಾಂತಾಕ್ರೂಜಿನಲ್ಲಿ ಶಾಖೆಯನ್ನು ತೆರೆದರು. 1936ರಲ್ಲಿ ಅದು ಮರೀನ್ ಡ್ರೈವಿಗೆ ಬಂದು ಈಶ್ವರದಾಸ ಚುನಿಲಾಲ ಯೋಗ ಆರೋಗ್ಯ ಕೇಂದ್ರವೆಂದು ಹೆಸರಾಯಿತು. 1951ರಲ್ಲಿ ಲೋಣಾವಳಾದಲ್ಲಿ ಯೋಗದ ಕಾಲೇಜು, 1961ರಲ್ಲಿ ಯೋಗಚಿಕಿತ್ಸೆಯ ಆಸ್ಪತ್ರೆ ಆರಂಭವಾದವು. 1966ರ ಏಪ್ರಿಲ್ 18ರಂದು, ತಮ್ಮ 82ನೆಯ ವಯಸ್ಸಿನಲ್ಲಿ, ಸ್ವಾಮಿ ಕುವಲಯಾನಂದರು ದೇಹವನ್ನು ಬಿಟ್ಟರು.

ಅವರು ಹಾಕಿಕೊಟ್ಟ ದಾರಿಯು ಅವರೊಡನೆ ನಿಲ್ಲಲಿಲ್ಲ. ಭೂಮಿಯೊಳಗೆ ಸಮಾಧಿಯಾಗಿ ಕುಳಿತು ಹೊರಬರುವ ಸಾಧುಗಳ ವಿಷಯ ನಮ್ಮ ದೇಶದಲ್ಲಿ ಎಲ್ಲರಿಗೂ ತಿಳಿದಿದೆ. ಕೈವಲ್ಯಧಾಮದ ಸಂಶೋಧಕರು ಗಾಳಿಯಾಡದ ಹೊಂಡವೊಂದರಲ್ಲಿ ಜನರನ್ನು ಕುಳ್ಳಿರಿಸಿ, ಒಳಗಿನ ಗಾಳಿಯನ್ನು ಆಗಾಗ ಪರೀಕ್ಷಿಸಿ, 1968ರಲ್ಲಿ ವರದಿಯನ್ನು ಪ್ರಕಟಿಸಿದರು. ಅಲ್ಲಿಯೂ ಲೆಕ್ಕಕ್ಕೆ ಬಂದುದು ಮಂತ್ರವಲ್ಲ. ಹೊಂಡದಲ್ಲಿ ಎಷ್ಟು ಗಾಳಿಯಿದೆ, ಏರುವ ಇಂಗಾಲಾಮ್ಲವಾಯುವನ್ನು ಕುಳಿತವನು ಎಷ್ಟರಮಟ್ಟಿಗೆ ಸಹಿಸಬಲ್ಲನು ಎಂಬುದೇ ಆಗಿತ್ತು.

ನೀರಿನೊಳಗಿನ ದೂರದ ಪಂಥವು ನಮ್ಮ ಹುಡುಗರ ಆಟ ಮಾತ್ರವಲ್ಲ. ಅದಕ್ಕೆ ದೊಡ್ಡ ಚರಿತ್ರೆಯೇ ಇದೆ. 1900ರಲ್ಲಿ ಪ್ಯಾರಿಸಿನ ಒಲಿಂಪಿಕ್ ಪಂದ್ಯಗಳಲ್ಲಿ ಸೇನ್ ನದಿಯ ನೀರಿನೊಳಗೆ ಈಜುವ ಸ್ಪರ್ಧೆ ನಡೆದಿತ್ತು. ಮೀಟರಿಗೆ ಎರಡು, ಸೆಕೆಂಡಿಗೆ ಒಂದು ಎಂದು ಅಂಕ ಕೊಡಲಾಯಿತು. ಫ್ರಾನ್ಸಿನ ದೆವಾಂದವಿಲ್ ಎಂಬವನು 60 ಮೀಟರ್ ಸಾಗಿ ಗೆದ್ದನು. ಡೆನ್ಮಾರ್ಕಿನ ಸ್ಪರ್ಧಿಯು ಅವನಿಗಿಂತ ಹೆಚ್ಚು ಹೊತ್ತು, ಒಂದೂವರೆ ನಿಮಿಷ ಮುಳುಗಿದ್ದರೂ 28.5 ಮೀಟರನ್ನಷ್ಟೇ ಕ್ರಮಿಸಿ ಹಿಂದುಳಿದನು. ಆ ಸ್ಪರ್ಧೆಯು ಒಲಿಂಪಿಕ್ಸಿನಲ್ಲಿ ಮತ್ತೆ ನಡೆಯಲಿಲ್ಲ. ಆದರೆ ಬೇರೆ ಸಂಸ್ಥೆಗಳು ಅದನ್ನು ಬೆಳೆಸಿದವು. 2016ರಲ್ಲಿ ಫಿನ್ಲೆಂಡಿನ ತುರ್ಕು ನಗರದ ಈಜುಕೊಳದಲ್ಲಿ ಕಾಲಿಗೆ ರೆಕ್ಕೆ ಕಟ್ಟಿಕೊಂಡ ಇಬ್ಬರು ಒಂದೇ ಉಸಿರಿನಲ್ಲಿ 300 ಮೀಟರ್ ಸಾಗಿದರು.

ಇಂತಹ ಸಾಧಕರು ಕೊಳದಲ್ಲಿ ಹೇಗೆ ಅಭ್ಯಾಸಮಾಡುತ್ತಾರೆ? ಮೊದಲು ನೆಲದ ಮೇಲೆ ಮಲಗಿ, ದೇಹವನ್ನು ಸಡಿಲಬಿಟ್ಟು, ಉಸಿರು ಹಿಡಿಯುವುದನ್ನು ರೂಢಿಸುತ್ತಾರೆ. ನೀರಿನಲ್ಲಿ ದಿನವೂ ತಮ್ಮ ಪರಮಾವಧಿಯನ್ನು ಮುಟ್ಟಲು ಹೋಗುವುದಿಲ್ಲ. ಸಾಧ್ಯವಿರುವುದಕ್ಕಿಂತ ಎಷ್ಟೋ ಕಡಿಮೆ ದೂರವನ್ನು, ನಡುನಡುವೆ ವಿಶ್ರಾಂತಿ ಪಡೆಯುತ್ತ, ಹಲವು ಬಾರಿ ಸಾಗುತ್ತಾರೆ. ಇದರಿಂದ ದೇಹವು ಏರುವ ಇಂಗಾಲಾಮ್ಲವಾಯುವಿಗೆ ಒಗ್ಗಿಕೊಳ್ಳುತ್ತದೆ. ತೋಳುಗಳನ್ನು ಮುಂದಕ್ಕೆ ಚಾಚಿ, ಒಂದು ಸಲ ನೀರನ್ನು ತಳ್ಳಿದ ಮೇಲೆ ದೋಣಿಯಂತೆ ತೇಲಿಹೋಗಲು ಬಿಡುತ್ತಾರೆ. ಏಕೆಂದರೆ ಒಂದೊಂದು ಅನಾವಶ್ಯಕ ಚಲನೆಯೂ ಸೌದೆಯ ಖರ್ಚು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬನು ಮುಳುಗಿದಾಗ ಅವನನ್ನು ಎತ್ತಬಲ್ಲ ಇನ್ನೊಬ್ಬನು ನೀರಿನ ಮೇಲೆ ಅವನನ್ನೇ ನೋಡುತ್ತಿರುತ್ತಾನೆ. ಮೇಲೆ ಬಂದ ಅನಂತರವೂ ಅರ್ಧ ನಿಮಿಷ ಕಣ್ಣು ತೆಗೆಯುವುದಿಲ್ಲ. ಮೇಲೆ ಬಂದು ಉಸಿರೆಳೆದ ಬಳಿಕವೂ ಮೂರ್ಛೆ ಬರುವುದುಂಟು. ಸ್ಪರ್ಧೆಯಲ್ಲಿಯಂತೂ ಎಷ್ಟೇ ದೂರ ಸಾಗಿದ್ದರೂ, ಮೇಲೆ ಬಂದು 15 ಸೆಕೆಂಡುಗಳೊಳಗೆ ತಾನು ಸ್ವಸ್ಥನಾಗಿರುವೆನೆಂದು ಸನ್ನೆಮಾಡಿ ತೋರಿಸದಿದ್ದರೆ ಆ ದೂರವು ಲೆಕ್ಕಕ್ಕೇ ಬರುವುದಿಲ್ಲ.

ವಾಚಕರು ಈ ಕೊನೆಯ ನಿಯಮವನ್ನು ಗಮನಿಸಬೇಕು. ಸಾಧನೆಯ ಬೆಲೆಯು ಹಿಡಿದ ಉಸಿರಿನಲ್ಲಿಲ್ಲ, ಅನಂತರ ಶಾಂತವಾಗಿ ಎಳೆಯುವ ಉಸಿರಿನಲ್ಲಿದೆ. ಲೋಣಾವಳಾದ ಯೋಗಿಯು ನೆಲದ ಮೇಲೆ ಕುಳಿತು ಹೇಳಿಕೊಟ್ಟ ಪಾಠವನ್ನೇ ಈಜುಕೊಳದ ಪಂಚರು ನಿಯಮವನ್ನಾಗಿ ಮಾಡಿದ್ದಾರೆ.

ಆದುದರಿಂದ ನಮ್ಮ ತರುಣರಲ್ಲಿ ನಮ್ಮ ಕೋರಿಕೆಯಿಷ್ಟೆ. ಈಜುವುದನ್ನು ಬಿಡಬೇಡಿ, ಅದು ಊರಿನಿಂದ ತಂದ ಸಂಪತ್ತು. ಆದರೆ ಉಸಿರು ಹಿಡಿಯುವ ಅಭ್ಯಾಸಕ್ಕೆ ಹೊಳೆಯು ತಕ್ಕ ಸ್ಥಳವಲ್ಲ. ಭೀಮೆಯ ಕಲಕು ನೀರಿನಲ್ಲಿ ಮುಳುಗಿದವನನ್ನು ದಡದಲ್ಲಿರುವವನು ಕಾಣಲಾರನು. ತಿಳಿನೀರಿನ ಕೊಳದಲ್ಲಿ, ಬಲ್ಲವರ ಎದುರಿನಲ್ಲಿಯೇ ಅದನ್ನು ಮಾಡತಕ್ಕದ್ದು. ಮುಳುಗುವ ಮೊದಲು ಬಿರುಸಾಗಿ ಉಸಿರಾಡಬಾರದು. ಒಬ್ಬರೇ ಮುಳುಗಬಾರದು; ಇಬ್ಬರೂ ಒಟ್ಟಿಗೆ ಮುಳುಗಿದರೆ ಅದೂ ಒಬ್ಬರೇ ಮುಳುಗಿದಂತೆಯೇ. ಪಂಥ ಕಟ್ಟಲೇಬಾರದು. ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟವರು, ಕುಡಿದವರು, ಜ್ವರದಿಂದ ಎದ್ದವರು ದಡದಲ್ಲಿಯೇ ಕುಳಿತಿರುವುದು ಲೇಸು. ಹೋಟೆಲಿನ ಮಾಲಿಕರೂ ಈ ನಾಲ್ಕು ಮಾತುಗಳನ್ನು ತಮ್ಮ ಹುಡುಗರಿಗೆ ಹೇಳುವುದು ಅವರ ಧರ್ಮವಾಗಿದೆ. ಆ ಹುಡುಗರ ತಾಯಿತಂದೆಗಳು ಅವರನ್ನು ನಮ್ಮ ಕೈಗೆ ಒಪ್ಪಿಸಿ ಕಳುಹಿಸಿದ್ದಾರೆ; ದುಡಿಮೆಯ ಲೆಕ್ಕವನ್ನು ಕೊಟ್ಟಂತೆ ಅವರ ಕ್ಷೇಮದ ಲೆಕ್ಕವನ್ನೂ ನಾವು ಕೊಡಬೇಕಾಗಿದೆ.

ಸ್ವಾಮಿ ಕುವಲಯಾನಂದರು ತೀರಿಕೊಂಡು ದಶಕಗಳೇ ಕಳೆದಿವೆ. ಕೈವಲ್ಯಧಾಮವು ಲೋಣಾವಳಾದಲ್ಲಿ ಇಂದಿಗೂ ನಡೆಯುತ್ತಿದೆ. ಉಸಿರಿನ ಶಕ್ತಿಯನ್ನು ಅವರಷ್ಟು ನಂಬಿದವರು ಕಡಿಮೆ. ಅದನ್ನು ಅಳೆಯದೆ ನಂಬಬಾರದೆಂದು ಅವರಷ್ಟು ಪಟ್ಟುಹಿಡಿದವರು ಇನ್ನೂ ಕಡಿಮೆ. ನಮ್ಮ ತರುಣರು ಅವರ ನಂಬಿಕೆಯ ಜೊತೆಗೆ ಅವರ ಅಳತೆಗೋಲನ್ನೂ ಕೈಗೆತ್ತಿಕೊಳ್ಳಲೆಂದು ಹಾರೈಸುತ್ತೇವೆ.